ಸಣ್ಣ ಸಂಘದ ಬೆನ್ನಿಗೆ ಯಾರು ನಿಲ್ಲಬೇಕು? ಮೂರು ಕಡೆ ಸೇರಿ ನೋಡಿದ ಮೇಲೆ

ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳ ಸಂಘ. ಜಾಸ್ತಿ ಮಂದಿ ನದಾಫ್ ಮನೆಯವರು, ಮುಸ್ಲಿಮರಲ್ಲಿ ಹತ್ತಿ ಹಿಂಜುವ ಕಸುಬಿನವರು. ಪಕ್ಕದ ತಾಂಡಾದ ಲಂಬಾಣಿ ಅಕ್ಕಂದಿರೂ ಇದ್ದಾರೆ. ಪಂಚಾಯಿತಿಯ ಸ್ವಸಹಾಯ ಸಂಘಗಳೆಲ್ಲ ಸೇರಿದ ಸಂಜೀವಿನಿ ಒಕ್ಕೂಟ, ಕೊಪ್ಪಳದ ಒಂದು ಸ್ವಯಂಸೇವಾ ಸಂಸ್ಥೆ, ನಮ್ಮ ಸಮುದಾಯದ್ದೇ ಒಂದು ಸಂಘ, ಈ ಮೂರರ ಜೊತೆಗೂ ಕೆಲಸ ಮಾಡಿದ್ದೇವೆ. ಯಾರು ಜಾಸ್ತಿ ದುಡ್ಡು ಕೊಡ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ನಾನು ನೋಡುವುದು ಬೇರೆ: ಸಂಘದ ತೀರ್ಮಾನ ಬರೆಯುವ ಠರಾವು ಪುಸ್ತಕ ಯಾರ ಕೈಯಲ್ಲಿ ಇರುತ್ತದೆ?

ಈ ವಿಷಯದಲ್ಲಿ ಒಕ್ಕೂಟವೇ ಮುಂದೆ. 2011ರಲ್ಲಿ ಶುರುವಾದ ರಾಷ್ಟ್ರೀಯ ಜೀವನೋಪಾಯ ಮಿಷನ್ ನಮ್ಮ ರಾಜ್ಯದಲ್ಲಿ ಸಂಜೀವಿನಿ ಹೆಸರಲ್ಲಿ ನಡೆಯುತ್ತದೆ. ಒಂದು ಸಂಘದಲ್ಲಿ 10ರಿಂದ 20 ಮಂದಿ. ವಾರಕ್ಕೊಂದು ಸಭೆ, ತಪ್ಪದೆ ಉಳಿತಾಯ, ಒಳಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಪುಸ್ತಕ ಬರೆಯುವುದು. ಇದೇ ಪಂಚಸೂತ್ರ. ಲೆಕ್ಕ ನೋಡುವ ಎಂಬಿಕೆ (ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರ್ತಿ) ನಮ್ಮೂರಿನ ಹೆಣ್ಣುಮಗಳೇ. ಅನುಮಾನ ಬಂದರೆ ಸಂಜೆ ಅವಳ ಮನೆ ಕಟ್ಟೆಗೆ ಹೋಗಿ ಕೇಳಬಹುದು. ಒಕ್ಕೂಟದಿಂದ ಬಂದ ಸಾಲ ತೀರಿಸಿದರೆ ಅದರ ಬಡ್ಡಿ ಒಕ್ಕೂಟದಲ್ಲೇ ಉಳಿದು ಮುಂದಿನ ಸಂಘಕ್ಕೆ ಹೋಗುತ್ತದೆ. ಇದು ನನಗೆ ತುಂಬಾ ಹಿಡಿಸಿದ ವಿಷಯ.

ತೊಡಕು ಒಂದೇ, ಗುಳೆ. ಹಿಂಗಾರಿ ರಾಶಿ ಮುಗಿದರೆ ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುವವಳು ವಾರದ ಸಭೆಗೆ ಹೇಗೆ ಬರಬೇಕು? ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ಇದೇ ಪಂಚಸೂತ್ರವನ್ನ. ಬಡವರಿಗಾಗಿ ಮಾಡಿದ ನಿಯಮ, ಎಲ್ಲರಿಗಿಂತ ಬಡವರಿಗೇ ಅಡ್ಡ ಬರುತ್ತದೆ.

ಕಲಿಸುವುದರಲ್ಲಿ ಮಾತ್ರ ಸ್ವಯಂಸೇವಾ ಸಂಸ್ಥೆಗೆ ಸಾಟಿ ಇಲ್ಲ. ನಮ್ಮ ಕಡೆ ಕೌದಿಗೆ ನೂಲಿನ ದುಡ್ಡು ಹಿಡಿಯುತ್ತಾರೆ, ಹೊಲಿದವಳ ಕೂಲಿ ಹಿಡಿಯುವುದಿಲ್ಲ. ಸಂಸ್ಥೆಯ ಕಾರ್ಯಕರ್ತೆ ನಮ್ಮ ಜೊತೆ ನೆಲದ ಮೇಲೆ ಕೂತು ಬಟ್ಟೆ, ನೂಲು, ದಿನಗೂಲಿ ಎಲ್ಲ ಸೇರಿಸಿ ಬೆಲೆ ಹಾಕುವುದನ್ನು ಕಲಿಸಿದಳು. ಸ್ವಸಹಾಯ ಸಂಘ ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆಯಲು ನೋಂದಣಿ ಬೇಕಿಲ್ಲ ಅಂತ ತಿಳಿಸಿದ್ದೂ ಅವಳೇ. ಗುಳೆ ಹೋದವರನ್ನು ಫೋನಿನಲ್ಲೇ ಸಭೆಗೆ ಸೇರಿಸುತ್ತಿದ್ದಳು. ಆದರೆ ಪ್ರಾಜೆಕ್ಟ್ ಮುಗಿಯಿತು, ಅವಳೂ ಹೋದಳು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ದೊಡ್ಡವರಿಂದ ಸಣ್ಣವರಿಗೆ ಇಳಿದು ಬರುತ್ತಿದ್ದ ಆ ದಾರಿ ಮುಚ್ಚಿತು. ಹಾಗಾಗಿ ಸಂಸ್ಥೆಯವರು ಮನೆ ಬಾಗಿಲಿಗೆ ಬಂದರೆ ಮೊದಲ ದಿನವೇ ಕೇಳಿ: ದುಡ್ಡು ಎಲ್ಲಿಂದ, ಎಲ್ಲಿಯವರೆಗೆ? ಫೋಟೋ, ವರದಿ ಬೇಕು ಅಂದರೆ ಕೊಡಿ. ಪುಸ್ತಕದ ಜೆರಾಕ್ಸ್ ಕೊಡಿ, ಪುಸ್ತಕ ಬಿಟ್ಟುಕೊಡಬೇಡಿ.

ಸಮುದಾಯದ ಸಂಘ ಕಾಗದಪತ್ರದ ಕೆಲಸಕ್ಕೆ ಒಳ್ಳೆಯದು. ಪ್ರವರ್ಗ 1ರ ಜಾತಿ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಸಾಲದ ಅರ್ಜಿ, ಎಲ್ಲವೂ ಬೇಗ ಆಗುತ್ತದೆ. ಆದರೆ ಶ್ರಮಶಕ್ತಿ ಸಾಲ ಸಿಗುವುದು ಒಬ್ಬೊಬ್ಬರಿಗೆ, ಸಂಘಕ್ಕಲ್ಲ. ಪದಾಧಿಕಾರಿಗಳಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಅದಕ್ಕಿಂತ ನೋವಾಗಿದ್ದು ಇನ್ನೊಂದು. ತಾಂಡಾದ ಅಕ್ಕಂದಿರಿಗೆ ಅಲ್ಲಿ ಜಾಗವೇ ಇಲ್ಲ. ಅವರು ಪರಿಶಿಷ್ಟ ಜಾತಿ, ಅವರಿಗೆ ತಾಂಡಾ ಅಭಿವೃದ್ಧಿ ನಿಗಮ ಬೇರೆ. ಒಂದೇ ಕೌದಿಯ ಎರಡು ಅಂಚು ಹಿಡಿದು ಹೊಲಿಯುವವರು ಎರಡು ಕಚೇರಿಗೆ ಅಲೆಯಬೇಕು ಅಂದರೆ ಸಂಘ ಉಳಿಯುತ್ತಾ, ಹೇಳಿ?

ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸೊಸೈಟಿ ಮಾಡಿಕೊಳ್ಳಿ ಅಂತ ಕೆಲವರು ಸಲಹೆ ಕೊಟ್ಟರು. ಏಳು ಮಂದಿ ಇದ್ದರೆ ಆಗುತ್ತದೆ. ಪ್ರತಿ ವರ್ಷ ಲೆಕ್ಕ ಸಲ್ಲಿಸಬೇಕು. ನಮ್ಮಷ್ಟು ಸಣ್ಣವರಿಗೆ ಸದ್ಯಕ್ಕೆ ಅದು ಸುಮ್ನೆ ಹೊರೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಒಕ್ಕೂಟವನ್ನೇ ಹೇಳುತ್ತೇನೆ. ತರಬೇತಿಗೆ ಸಂಸ್ಥೆ ಸಿಕ್ಕರೆ ಬಿಡಬೇಡಿ, ಪ್ರಮಾಣಪತ್ರಕ್ಕೆ ಸಮುದಾಯದವರ ಹತ್ತಿರ ಹೋಗಿ. ಗುಳೆಯ ತಿಂಗಳುಗಳಲ್ಲಿ ಫೋನಿನ ಹಾಜರಿಯನ್ನೂ ಸಭೆಯ ಲೆಕ್ಕಕ್ಕೆ ಹಿಡಿಯಬೇಕು ಅಂತ ನಾವು ಠರಾವು ಬರೆದು ಒಕ್ಕೂಟಕ್ಕೆ ಕೊಟ್ಟಿದ್ದೇವೆ. ನಿಮ್ಮ ಪಂಚಾಯಿತಿಯಲ್ಲೂ ಇದೇ ತೊಂದರೆ ಇದ್ದರೆ ನೀವೂ ಬರೆದು ಕೊಡಿ. ಹತ್ತಾರು ಒಕ್ಕೂಟಗಳಿಂದ ಹೋದರೆ ತಾಲ್ಲೂಕಿನವರು ಓದಲೇಬೇಕಾಗುತ್ತದೆ.