ಪ್ಯಾಲೆಟ್ ಸುತ್ತುವ ಯಂತ್ರ: ಎಂಟು ತಿಂಗಳು ಬಳಸಿದ ಮೇಲೆ

ತುಮಕೂರಿನ ಬಳಿ, ಮಿಡಿಸೌತೆಯನ್ನು ವಿನೆಗರ್ ತುಂಬಿದ ಗಾಜಿನ ಜಾಡಿಗಳಲ್ಲಿ ಹೊರದೇಶಕ್ಕೆ ಕಳಿಸುವ ಘಟಕದಲ್ಲಿ ನಾನು ರವಾನೆ ನೋಡಿಕೊಳ್ಳುತ್ತೇನೆ. ಈ ಬೆಳೆ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಬೇರೂರಿತು. ಬೆಳೆದದ್ದರಲ್ಲಿ ಬಹುಪಾಲು ಹಡಗು ಹತ್ತುತ್ತದೆ. ಜಾಡಿಗಳ ಪೆಟ್ಟಿಗೆಗಳನ್ನು ಪ್ಯಾಲೆಟ್ ಎಂಬ ಮರದ ಹಲಗೆಮಣೆಯ ಮೇಲೆ ಪೇರಿಸುತ್ತೇವೆ. ತುಂಬಿದ ಒಂದು ಪ್ಯಾಲೆಟ್ ಸುಮಾರು 900 ಕಿಲೋ ತೂಗುತ್ತದೆ, ಅಷ್ಟೂ ಗಾಜಿನ ಜಾಡಿ.

ಹೋದ ಮಳೆಗಾಲದಲ್ಲಿ ಖರೀದಿದಾರರು ಕಳಿಸಿದ ಒಂದು ಫೋಟೊ ಈಗಲೂ ಕಣ್ಣ ಮುಂದಿದೆ. ಲೋಡಿಗೆ ಸುತ್ತಿದ ಪ್ಲಾಸ್ಟಿಕ್ ಫಿಲ್ಮ್ ಎಲ್ಲೂ ಹರಿದಿರಲಿಲ್ಲ. ಆದರೆ ಇಡೀ ಲೋಡ್ ಪ್ಯಾಲೆಟ್ ಮೇಲಿಂದ ನಾಲ್ಕು ಬೆರಳು ಜರುಗಿತ್ತು. ಅಂಚು ದಾಟಿದ ಪೆಟ್ಟಿಗೆಗಳ ಮೂಲೆಗಳಿಗೆ ಕೆಳಗೆ ಆಸರೆ ಇರಲಿಲ್ಲ. ರಟ್ಟಿನ ಪೆಟ್ಟಿಗೆ ಭಾರ ಹೊರುವುದೇ ಮೂಲೆಗಳಲ್ಲಿ. ಎರಡು ಜಾಡಿ ಒಡೆದು, ವಿನೆಗರ್ ಇಳಿದು, ನೆಂದ ರಟ್ಟು ಕುಸಿದು, ಮೇಲಿನ ಸಾಲುಗಳು ವಾಲಿದ್ದವು. ನಾವು ಹದಿನಾಲ್ಕು ಸುತ್ತು ಸುತ್ತಿದ್ದೆವು, ಆದರೆ ಒಂದು ಸುತ್ತೂ ಪ್ಯಾಲೆಟ್‌ನ ಮರವನ್ನು ಹಿಡಿದಿರಲಿಲ್ಲ. ಕೈಯಲ್ಲಿ ಸುತ್ತುವವರು ಬುಡಕ್ಕೆ ಬಂದಾಗ ಸೊಂಟ ಬಗ್ಗಿಸಿ ಹಿಂದಕ್ಕೆ ನಡೆಯಬೇಕು. ದಿನದ ನಲವತ್ತನೆಯ ಪ್ಯಾಲೆಟ್‌ಗೆ ಯಾರ ಸೊಂಟವೂ ಬಗ್ಗುವುದಿಲ್ಲ, ಅದು ಅವರ ತಪ್ಪಲ್ಲ.

ಆಮೇಲೆ ತಂದದ್ದೇ ತಿರುಗುವ ತಟ್ಟೆಯ ಈ ಯಂತ್ರ. ಪ್ಯಾಲೆಟ್ ತಟ್ಟೆಯ ಮೇಲೆ ತಿರುಗುತ್ತದೆ, ಫಿಲ್ಮ್ ಸುರುಳಿ ಕಂಬದ ಮೇಲೆ ಏರಿ ಇಳಿಯುತ್ತದೆ. ಇದರ ನಿಜವಾದ ಕೆಲಸ ಇರುವುದು ಎರಡು ರೋಲರ್‌ಗಳ ನಡುವೆ. ಒಂದು ಮೀಟರ್ ಫಿಲ್ಮನ್ನು ಅದು ಮೂರು ಮೀಟರಿಗೆ ಎಳೆದು ಬಿಡುತ್ತದೆ. ಎಳೆದದ್ದು ಮತ್ತೆ ಕುಗ್ಗಲು ನೋಡುತ್ತದೆ, ಆ ಕುಗ್ಗುವ ಬಲವೇ ಹಿಡಿತ. ಕೈಯಲ್ಲಿ ಅಷ್ಟು ಎಳೆಯಲು ಸಾಧ್ಯವೇ ಇಲ್ಲ. ಅದೇ 23 ಮೈಕ್ರಾನ್ ಫಿಲ್ಮ್ ಮೊದಲು ಪ್ಯಾಲೆಟ್‌ಗೆ ಅರ್ಧ ಕಿಲೋ ಹೋಗುತ್ತಿತ್ತು, ಈಗ ಕಾಲು ಕಿಲೋ ಸಾಕು. ಬೆರಳಿಂದ ಒತ್ತಿದರೆ ತಮಟೆಯ ಚರ್ಮದಂತೆ ಪುಟಿಯುತ್ತದೆ.

ಬುಡಕ್ಕೆ ಮೂರು ಸುತ್ತು ನಿಗದಿ ಮಾಡಿದ್ದೇವೆ. ಅರ್ಧ ಅಗಲ ಪೆಟ್ಟಿಗೆಯ ಮೇಲೆ, ಅರ್ಧ ಅಗಲ ಮರದ ಮೇಲೆ. ಕಂಟೇನರ್‌ನಂಥವುಗಳಲ್ಲಿ ಸರಕು ತುಂಬುವ ಬಗೆಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 2014ರ ಸಿಟಿಯು ಸಂಹಿತೆಯ ಪ್ರಕಾರ, ರಸ್ತೆಯಲ್ಲಿ ಸರಕು ತನ್ನ ತೂಕದ 0.8ರಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದೆಂದು ಎಣಿಸಿ ಭದ್ರಪಡಿಸಬೇಕು. ನಮ್ಮ ಒಂದು ಪ್ಯಾಲೆಟ್‌ಗೆ ಅದು 720 ಕಿಲೋ ತೂಕದಷ್ಟು ಬಲ. ಫಿಲ್ಮ್ ಒಂದೇ ಅದನ್ನು ತಡೆಯುವುದಿಲ್ಲ. ಅದಕ್ಕೇ ಸಾಲುಗಳ ನಡುವೆ ಜಾರದ ಕಾಗದ ಹಾಸುತ್ತೇವೆ, ಕಂಟೇನರ್ ಒಳಗೆ ಪ್ಯಾಲೆಟ್‌ಗಳ ನಡುವೆ ಗಾಳಿಚೀಲ ತುಂಬುತ್ತೇವೆ.

ಕುಂದುಗಳೂ ಇವೆ. ತಟ್ಟೆ ನೆಲದಿಂದ ಎತ್ತರದಲ್ಲಿರುವುದರಿಂದ ಕೈಗಾಡಿಯನ್ನು ಇಳಿಜಾರಿನ ಮೇಲೆ ತಳ್ಳಲು ಇಬ್ಬರು ಬೇಕು. ಲೋಡಿನ ಎತ್ತರ ಗುರುತಿಸುವ ಬೆಳಕಿನ ಕಣ್ಣು, ಪೆಟ್ಟಿಗೆಗೆ ಹಾಕದ ಜಾಡಿಗಳ ಪ್ಯಾಲೆಟ್ ಬಂದಾಗ, ಬೆಳಕು ಗಾಜು ದಾಟಿ ಹೋಗುವುದರಿಂದ ಎಡವುತ್ತದೆ. ಮೇಲೊಂದು ರಟ್ಟಿನ ಹಾಳೆ ಇಟ್ಟರೆ ಸರಿಹೋಗುತ್ತದೆ. ಬಿಗಿತ ಹೆಚ್ಚಿಸಿದರೆ ಮೇಲಿನ ಪೆಟ್ಟಿಗೆಗಳ ಮೂಲೆ ಜಜ್ಜುತ್ತದೆ, ಮೂಲೆಪಟ್ಟಿ ಇಲ್ಲದೆ ಸುತ್ತಲೇಬೇಡಿ. ದುರಸ್ತಿಗೆ ಕರೆದರೆ ಮಾರಿದವರು ಬಂದದ್ದು ಆರನೆಯ ದಿನ. ಅಷ್ಟು ದಿನವೂ ಕೈಯಲ್ಲೇ ಸುತ್ತಿದೆವು.

ದಿನಕ್ಕೆ ಹತ್ತು ಹದಿನೈದು ಪ್ಯಾಲೆಟ್ ಕಳಿಸುವವರಿಗೆ ಇದು ಬೇಡ, ಜಾರದ ಕಾಗದ ಮತ್ತು ಮೂಲೆಪಟ್ಟಿಗೆ ಮೊದಲು ಹಣ ಹಾಕಿ. ಮೂವತ್ತು ದಾಟಿದವರು ಧೈರ್ಯವಾಗಿ ಕೊಳ್ಳಬಹುದು. ಈ ಎಂಟು ತಿಂಗಳಲ್ಲಿ ಜರುಗಿದ ಲೋಡಿನ ಫೋಟೊ ಒಂದೂ ಬಂದಿಲ್ಲ. ನಮ್ಮ ಹಿರಿಯ ಹಮಾಲಿ ಮಾತ್ರ ಈಗಲೂ ಪ್ರತಿ ಪ್ಯಾಲೆಟ್‌ನ ಬುಡಕ್ಕೆ ಕೈ ಹಾಕಿ ನೋಡುತ್ತಾರೆ. "ಅಮ್ಮಾ, ಇದು ಮರ ಹಿಡಿದಿಲ್ಲ" ಎಂದರೆ ನಾನು ಎರಡು ಮಾತಾಡದೆ ಮತ್ತೆ ತಟ್ಟೆ ಹತ್ತಿಸುತ್ತೇನೆ.