ಗೆಸ್ಟ್ ಬಾತ್ರೂಮ್ ಗೋಡೆಗೆ ಸ್ಟಿಕ್ಕರ್ರಾ, ಟೈಲ್ಸಾ? ಎರಡೂ ಅಂಟಿಸಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಟೈಲ್ಸಿಗೆ. ಅದೂ ನಾಲ್ಕೂ ಗೋಡೆಗಲ್ಲ, ಬೇಸಿನ್ ಹಿಂದಿನ ಒಂದೇ ಗೋಡೆಗೆ. ಮೈಸೂರಲ್ಲಿ ನಮ್ಮನೆ ಗೆಸ್ಟ್ ಬಾತ್ರೂಮು ನಾಲ್ಕಡಿ ಆರಡಿ, ಒಳಗೆ ಹೋದೋರು ಆ ಕಡೆ ತಿರುಗ್ಬೇಕಂದ್ರೆ ಬಕೆಟ್ ಸರಿಸ್ಬೇಕು, ಜೊತೆಗೆ ಹದಿನೈದು ವರ್ಷದ ಹಳೇ ಕ್ರೀಮ್ ಕಲರ್ ಟೈಲ್ಸು ಬೇರೆ.

ಮೊದ್ಲು ತರಿಸಿದ್ದು ವಿನೈಲ್ ಸ್ಟಿಕ್ಕರ್, ಹಿಂದಿನ ಪೇಪರ್ ಸುಲಿದು ಅಂಟಿಸೋದು. 45 ಸೆಂ.ಮೀ. ಅಗಲ, 2 ಮೀಟರ್ ಉದ್ದದ ರೋಲು 280 ರೂಪಾಯಿ, ನಾಲ್ಕಕ್ಕೆ 1,120. ಭಾನುವಾರ ಮಧ್ಯಾಹ್ನ ನಾನೂ ನಮ್ಮೆಜಮಾನ್ರೂ ಸೇರಿ ಅಂಟಿಸಿದ್ವಿ, ನೀಲಿ ಬಿಳಿ ಹೂವಿನ ಡಿಸೈನು, ಫ್ಯಾಮಿಲಿ ಗ್ರೂಪಿಗೆ ಫೋಟೋನೂ ಹಾಕಿದ್ದಾಯ್ತು.

ಎಡವಟ್ಟಾಗಿದ್ದು ಹಬ್ಬಕ್ಕೆ ದೊಡ್ಡಮ್ಮ ಬಂದಾಗ. ನಮ್ಮಲ್ಲಿ ಸ್ನಾನ ಅಂದ್ರೆ ಗೀಸರ್ ಹಾಕಿ ಬಕೆಟ್ ತುಂಬ ಸುಡು ಸುಡು ನೀರು, ಚೊಂಬಲ್ಲಿ ದಬದಬ ಸುರ್ಕೊಳ್ಳೋದು, ಗಾಳಿಗೆ ಅಂಗೈಯಗಲದ ಒಂದು ವೆಂಟಿಲೇಟರು. ನಾಲ್ಕನೇ ದಿನಕ್ಕೆ ಹಳೇ ಟೈಲ್ಸ್ ಸಂದಿ ಎಲ್ಲೆಲ್ಲಿದ್ಯೋ ಅಲ್ಲಲ್ಲೇ ಗೆರೆ ಎಳೆದಂಗೆ ಉಬ್ಬಿತ್ತು. ಸಂದಿ ತಗ್ಗಾಗಿರತ್ತೆ, ಅಲ್ಲಿ ಸ್ಟಿಕ್ಕರ್ ಗೋಡೆ ಮುಟ್ಟೋದೇ ಇಲ್ಲ, ಅಂಚಿಂದ ನುಗ್ಗಿದ ಹಬೆ ಆ ಕಾಲುವೇಲೇ ಓಡಾಡ್ಕೊಂಡಿರತ್ತೆ. ದೊಡ್ಡಮ್ಮ ತಲೆಗೆ ಟವೆಲ್ ಸುತ್ಕೊಂಡು ಹೊರಗೆ ಬಂದವರೇ "ಏನೇ, ನಿಮ್ಮ ಗೋಡೆ ಸಿಪ್ಪೆ ಬಿಡ್ತಾ ಇದೆ" ಅಂದ್ರು.

ಹೇರ್ ಡ್ರೈಯರಲ್ಲಿ ಬಿಸಿ ಮಾಡಿ ಒತ್ತಿದೆ, ಅಂಚಿಗೆ ಸಿಲಿಕಾನ್ ಎಳ್ದೆ, ಎರಡು ವಾರ ನಿಂತ್ಕೊಳ್ತು, ಆಮೇಲೆ ಬೇಸಿನ್ ಪಕ್ಕದ ಮೂಲೆ ಒಣಗಿದ ವೀಳ್ಯದೆಲೆ ಥರ ಸುರುಳಿ ಸುತ್ಕೊಳ್ತು, ಎಳೆದು ನೋಡಿದ್ರೆ ಒಳಗೆ ಕಪ್ಪಗೆ ಬೂಷ್ಟು. ಸ್ಟಿಕ್ಕರ್ ಕಿತ್ತಿದ್ದು ಹತ್ತು ನಿಮಿಷ, ಗಮ್ ಹೋಗೋಕೆ ಥಿನ್ನರ್ ಹಾಕಿ ಉಜ್ಜಿದ್ದು ಎರಡು ದಿನ.

ಟೈಲ್ಸ್ ಪೇಂಟೂ ಒಂದು ಸಣ್ಣ ಡಬ್ಬಿ ತಂದು ಬಾಗಿಲ ಹಿಂದೆ ಹಚ್ಚಿದ್ದೆ. ವಾಸನೆ ಮೂರು ದಿನ, ಬಣ್ಣ ಮೂರು ತಿಂಗಳು.

ಟೈಲ್ಸಿಗೆ ಹಳೇದನ್ನ ಒಡೀಲಿಲ್ಲ, ಅದರ ಮೇಲೇ ಅಡ್ಹೆಸಿವ್ ಹಾಕಿ ಕೂರಿಸಿದ್ರು. ಮೇಸ್ತ್ರಿ ಮೊದ್ಲು ಒಂದೊಂದೇ ಟೈಲ್ ತಟ್ಟಿ ನೋಡಿದ್ರು, ಟೊಳ್ಳು ಸದ್ದು ಬಂದ್ರೆ ಅದನ್ನ ಕೀಳ್ಲೇಬೇಕಂತೆ. 12x18 ಇಂಚಿನದು, ಬಾಕ್ಸಿಗೆ ಆರು, ನಾಲ್ಕು ಬಾಕ್ಸು, ಕೂಲಿ ಸೇರಿ 4,700. ಗೋಡೆ ಅರ್ಧ ಇಂಚು ದಪ್ಪ ಆಗಿ ನಲ್ಲಿ ಕೂರೋ ಜಾಗ ಒಳಗೆ ಹೋಗ್ಬಿಡ್ತು, ಎಕ್ಸ್‌ಟೆನ್ಷನ್ ನಿಪ್ಪಲ್ ಅಂತ ಪೈಪ್ ಉದ್ದ ಮಾಡೋ ಒಂದು ತುಂಡು ಹಾಕಿ ಸರಿ ಮಾಡಿದ್ರು. ಸಂದಿಗೆ ವೈಟ್ ಸಿಮೆಂಟ್ ಸಾಕು ಅಂದ್ರು, ನಾನೇ ಹಟ ಹಿಡಿದು ಎಪಾಕ್ಸಿ, ಅಂದ್ರೆ ಗಟ್ಟಿಯಾಗೋ ಅಂಟಿನ ಥರದ್ದು, ಹಾಕಿಸ್ದೆ, ಅದು ನೀರು ಕುಡಿಯಲ್ಲ.

ಬಾಡಿಗೆ ಮನೆ, ಬರೀ ಕೈ ತೊಳೆಯೋ ಜಾಗ ಅಂದ್ರೆ ಸ್ಟಿಕ್ಕರ್ ನಡೆಯತ್ತೆ. ನಮ್ಮನೇಲಿ ತಿಂಗಳಿಗೆ ಎರಡು ಸಲ ನೆಂಟರು, ಬಂದೋರೆಲ್ಲಾ ತಲೆಗೆ ನೀರು ಹಾಕ್ಕೊಳ್ಳೋರೇ, ನನಗಂತೂ ದಿನಾ ಗೋಡೆ ಒರೆಸ್ಕೊಂಡು ಕೂರೋಕಾಗಲ್ಲ. ಉಳಿದ ಮೂರು ಟೈಲ್ಸ್ ಮಂಚದ ಕೆಳಗಿಟ್ಟಿದೀನಿ, ನಾಳೆ ಒಂದು ಒಡೆದ್ರೆ ಅದೇ ಡಿಸೈನ್ ಹುಡುಕ್ಕೊಂಡು ಅಂಗಡಿ ಅಲೆಯೋದು ಬೇಡ ಅಂತ.