ದಾವಣಗೆರೆ ಮನೆಗೆ ಯಾವ ವಿಡಿಯೊ ಆ್ಯಪ್‌ನ ಚಂದಾ?

ಸಂಜೆ ಮಂಡಕ್ಕಿ-ಮಿರ್ಚಿ ಹಿಡಿದು ಟಿವಿ ಮುಂದೆ ಕೂರೋ ಅಮ್ಮನಿಗೆ ಧಾರಾವಾಹಿ, ಮಗನಿಗೆ ಐಪಿಎಲ್. ಇಂಥ ಮನೆಗೆ ಜಿಯೋಹಾಟ್‌ಸ್ಟಾರ್ ಸರಿ: ಕಲರ್ಸ್ ಕನ್ನಡವೂ ಕ್ರಿಕೆಟ್ಟೂ ಒಂದೇ ಕಡೆ. ಅಮ್ಮನದು ಜೀ ಕನ್ನಡವಾದರೆ ಮಾತ್ರ ಜೀ5.

ನೆಟ್‌ಫ್ಲಿಕ್ಸ್ 2016ರಲ್ಲಿ ಭಾರತಕ್ಕೆ ಬಂದಾಗ ದುಬಾರಿ. ಇಲ್ಲಿನ ಜೇಬು ನೋಡಿ 2021ರ ಡಿಸೆಂಬರ್‌ನಲ್ಲಿ ದರ ಇಳಿಸಿತು. ಮೊಬೈಲ್ ಪ್ಲಾನ್ ₹199ರಿಂದ ₹149ಕ್ಕೆ ಬಂತು. ಆದರೆ ಅದು ಟಿವಿಯಲ್ಲಿ ಓಡೋದಿಲ್ಲ. ಒಂದು ಸಲಕ್ಕೆ ಒಂದೇ ಫೋನ್, ಅದೂ 480ಪಿ, ಅಂದರೆ ಚಿತ್ರ ಅಷ್ಟೇನೂ ಸ್ಪಷ್ಟವಿರಲ್ಲ. ಹಾಸ್ಟೆಲ್ ಹುಡುಗರಿಗೆ ಧಾರಾಳವಾಯ್ತು, ಮನೆಮಂದಿಗೆ ಆಗಲ್ಲ. ಕನ್ನಡದ ಸರಕೂ ಕಡಿಮೆಯೇ ಬಿಡಿ.

ಪ್ರೈಮ್ ವಿಡಿಯೊದಲ್ಲಿ 2025ರ ಜೂನ್‌ನಿಂದ ಜಾಹೀರಾತು ಶುರು. ಬೇಡವೆಂದರೆ ಮೇಲೆ ದುಡ್ಡು.

ಕೇಬಲ್ ಮಾತ್ರ ಈಗಲೇ ಕೀಳಿಸಬೇಡಿ. ನೆಟ್ ಕೈಕೊಟ್ಟ ಸಂಜೆ ಅಮ್ಮನಿಗೆ ಉತ್ತರ ಹೇಳೋರ್ಯಾರು?